ಕಪ್ಪು ಪೇಸ್ಟ್, ಕಂದು ಹಲ್ಲು

ನನ್ನ ಹಲ್ಲು ನೋಡಿದರೆ ನಾನು ಯಾವ ಸೀಮೆಯವಳು ಅಂತ ಹೇಳಬಹುದು. ತಮಾಷೆ ಅಲ್ಲ. ಬೆಂಗಳೂರಿಗೆ ಬಂದ ಹೊಸದರಲ್ಲಿ ಪಿಜಿಯಲ್ಲಿ ಪಕ್ಕದ ಮಂಚದ ಹುಡುಗಿ ಮೊದಲ ದಿನ ನಕ್ಕಾಗ ಅವಳ ಮುಂದಿನ ಎರಡು ಹಲ್ಲಿನ ಮೇಲೆ ಅಡ್ಡಕ್ಕೆ ಗೆರೆ ಎಳೆದ ಹಾಗೆ ಕಂದು ಪಟ್ಟೆ ಕಾಣಿಸಿತು. "ಬಾಗೇಪಲ್ಲಿ ಕಡೆನಾ?" ಅಂದೆ. "ಹೂಂ, ನೀವು ಪಾವಗಡನಾ?" ಅಂದಳು. ಇಬ್ಬರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಕ್ಕೆವು. ಹಾಗೆ ನಗುವುದು ನಮಗೆಲ್ಲ ಶಾಲೆಯಿಂದಲೇ ಬಂದ ಅಭ್ಯಾಸ. ಗ್ರೂಪ್ ಫೋಟೋದಲ್ಲಿ ತುಟಿ ಬಿಗಿ ಹಿಡಿದು ನಿಂತವರನ್ನು ಹುಡುಕಿ, ನಾನು ಅಲ್ಲೇ ಎಲ್ಲೋ ಇರುತ್ತೇನೆ.

ಇದೆಲ್ಲ ಮೊದಲೇ ಯಾಕೆ ಹೇಳಿದೆ ಅಂದರೆ, ಇಂಥ ಹಲ್ಲು ಇಟ್ಟುಕೊಂಡವರಿಗೆ "7 ದಿನದಲ್ಲಿ ಬಿಳಿ ಹಲ್ಲು" ಅಂತ ಯಾರಾದರೂ ಹೇಳಿದರೆ ಬುದ್ಧಿ ಕೆಲಸ ಮಾಡುವುದಿಲ್ಲ. ನನಗೂ ಮಾಡಲಿಲ್ಲ. ತಮ್ಮನ ಮದುವೆಗೆ ಮೂರು ತಿಂಗಳು ಇತ್ತು. ಅಕ್ಕನ ಮಗಳು, ಈಗ ಡಿಗ್ರಿ ಎರಡನೇ ವರ್ಷ, ರೀಲ್ಸ್ ನೋಡಿ ಒಂದು ಕಪ್ಪು ಟ್ಯೂಬ್ ತರಿಸಿದ್ದಳು. ಆಕ್ಟಿವೇಟೆಡ್ ಚಾರ್ಕೋಲ್ ಟೂತ್‌ಪೇಸ್ಟ್. "ಚಿಕ್ಕಮ್ಮ, ನೀನೂ ಟ್ರೈ ಮಾಡು, ಕಲೆ ಎಲ್ಲ ಎಳ್ಕೊಂಡು ಬಿಡುತ್ತಂತೆ." ನಾನು ಸಾಮಾನ್ಯವಾಗಿ ತರುವ ಪೇಸ್ಟಿಗಿಂತ ಮೂರು ಪಟ್ಟು ಬೆಲೆ. ದುಡ್ಡು ಜಾಸ್ತಿ ಅಂದಮೇಲೆ ಏನೋ ಇರುತ್ತೆ ಅಂತ ನಾನೂ ಒಂದು ತರಿಸಿದೆ.

ಮೊದಲ ದಿನದ ಅನುಭವ ಹೇಳಲೇಬೇಕು. ಬಾಯಿ ತುಂಬ ಕಪ್ಪು ನೊರೆ. ವಾಶ್ ಬೇಸಿನ್ ತುಂಬ ಕಪ್ಪು ಚುಕ್ಕೆ, ನಲ್ಲಿಯ ಮೇಲೆ, ಕನ್ನಡಿಯ ಮೇಲೆ, ನೈಟಿಯ ಕೊರಳಪಟ್ಟಿಯ ಮೇಲೂ. ಮೂರು ಸಲ ಮುಕ್ಕಳಿಸಿ ಕನ್ನಡಿ ನೋಡಿದರೆ ಹಲ್ಲು ಪಳಪಳ ಅನ್ನಿಸಿತು, ನಿಜ. ಆದರೆ ನಿಮಿಷದ ಹಿಂದೆ ಇದ್ದಿಲ ಥರ ಕಪ್ಪಗಿದ್ದ ಬಾಯಿ ಅದು. ಅದಾದ ಮೇಲೆ ಯಾವ ಬಣ್ಣ ಕಂಡರೂ ಬಿಳಿ ಅನ್ನಿಸದೆ ಇರುತ್ತಾ? ಇದು ನನಗೆ ಹೊಳೆದದ್ದು ತುಂಬ ತಡವಾಗಿ. ಆ ದಿನ ಮಾತ್ರ ಅಕ್ಕನ ಮಗಳಿಗೆ ಸೆಲ್ಫಿ ಕಳಿಸಿದ್ದೆ, ಬಾಯಿ ಬಿಟ್ಟು.

ಈಗ ನೀವು ಹೇಳುತ್ತೀರಿ, ನಮ್ಮಜ್ಜಿ ಇದ್ದಿಲಲ್ಲೇ ಹಲ್ಲುಜ್ಜುತ್ತಿದ್ದರು, ಆಗ ಬೇಡ ಅಂದು ಬಿಡಿಸಿದವರೇ ಈಗ ಅದನ್ನೇ ಟ್ಯೂಬಿಗೆ ತುಂಬಿ ಮಾರುತ್ತಿದ್ದಾರೆ ಅಂತ. ಈ ಜೋಕ್ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ತಿಂಗಳಿಗೊಮ್ಮೆ ಬರುತ್ತದೆ. ನಾನೂ ಫಾರ್ವರ್ಡ್ ಮಾಡಿದ್ದೇನೆ. ಆದರೆ ಒಂದು ಮಾತು ಯಾರೂ ನೆನಪು ಮಾಡಿಕೊಳ್ಳುವುದಿಲ್ಲ. ಆ ಅಜ್ಜಿಯ ಹಲ್ಲು ಹೇಗಿತ್ತು? ನಮ್ಮಜ್ಜಿಯದಂತೂ ಸವೆದ ಒರಳುಕಲ್ಲಿನ ಥರ ಇತ್ತು. ಗಟ್ಟಿ ಇತ್ತು, ಕೊನೆತನಕ ಇತ್ತು, ಒಪ್ಪುತ್ತೇನೆ. ಆದರೆ ಮುಂದಿನ ಹಲ್ಲುಗಳ ಬುಡದಲ್ಲಿ ಉಗುರು ಕೂರುವಷ್ಟು ಕಚ್ಚು ಬಿದ್ದಿತ್ತು, ಬಣ್ಣವೋ ಹಳೆ ಬೆಣ್ಣೆಯದು. ಒಲೆಯ ಇದ್ದಿಲು, ಬೂದಿ, ಇಟ್ಟಿಗೆ ಪುಡಿ, ಉಪ್ಪು, ಕೈಗೆ ಸಿಕ್ಕಿದ್ದರಲ್ಲಿ ತೋರುಬೆರಳು ಹಾಕಿ 60 ವರ್ಷ ಉಜ್ಜಿದ ಹಲ್ಲು ಅದು. ತಣ್ಣೀರು ಕುಡಿಯಬೇಕಾದರೆ ಅಜ್ಜಿ ತಲೆ ಒಂದು ಕಡೆ ವಾಲಿಸಿ ಗಂಟಲಿಗೇ ನೇರ ಬೀಳುವ ಹಾಗೆ ಎತ್ತಿ ಕುಡಿಯುತ್ತಿದ್ದರು. ಎಂಜಲಾಗಬಾರದು ಅಂತ ಮಡಿ ಅಂದುಕೊಂಡಿದ್ದೆ. ಈಗ ನನಗೇ ತಣ್ಣೀರಿಗೆ ಹಲ್ಲು ಚುಳ್ ಅಂದಮೇಲೆ, ಅದು ಬರೀ ಮಡಿ ಇರಲಿಕ್ಕಿಲ್ಲ ಅನ್ನಿಸುತ್ತದೆ.

ಹಾಗಂತ ಒಲೆಯ ಇದ್ದಿಲೂ ಈ ಟ್ಯೂಬಿನ ಇದ್ದಿಲೂ ಒಂದೇ ಅಲ್ಲ. ತೆಂಗಿನ ಚಿಪ್ಪನ್ನೋ ಮರವನ್ನೋ ಗಾಳಿ ಸಿಗದ ಹಾಗೆ ಸುಟ್ಟು ಇದ್ದಿಲು ಮಾಡುತ್ತಾರೆ. ಆಮೇಲೆ ಅದನ್ನು 800, 900 ಡಿಗ್ರಿ ಬಿಸಿಯಲ್ಲಿ ಹಬೆಗೆ ಒಡ್ಡುತ್ತಾರೆ. ಆಗ ಅದರೊಳಗೆ ಲೆಕ್ಕವಿಲ್ಲದಷ್ಟು ಸಣ್ಣ ಸಣ್ಣ ತೂತು ಬೀಳುತ್ತವೆ. ಎಷ್ಟು ಅಂದರೆ ಒಂದು ಗ್ರಾಂ ಪುಡಿಯ ಒಳಗಿನ ತೂತುಗಳ ಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1000 ಚದರ ಮೀಟರ್ ಆಗುತ್ತದೆ, ಅಂದರೆ ಕಾಲು ಎಕರೆ. ಆ ಗೋಡೆಗಳಿಗೆ ಬಣ್ಣ, ವಾಸನೆ, ಎಷ್ಟೋ ವಿಷದ ವಸ್ತುಗಳು ಬಂದು ಅಂಟಿಕೊಳ್ಳುತ್ತವೆ. ಅಡುಗೆಮನೆಯ ವಾಟರ್ ಫಿಲ್ಟರ್ ಒಳಗೆ ಕಪ್ಪು ಹರಳು ಇರುತ್ತಲ್ಲ, ಅದು ಇದೇ. ತಿಪಟೂರು ಕಡೆ ಕೊಬ್ಬರಿ ಬಿಡಿಸಿದ ಮೇಲೆ ರಾಶಿ ಬೀಳುವ ಚಿಪ್ಪಿಗೂ ಇದರಿಂದಲೇ ಒಂದು ಬೆಲೆ.

ಆಸ್ಪತ್ರೆಯಲ್ಲೂ ಇದು ನಿಜವಾಗಿ ಕೆಲಸಕ್ಕೆ ಬರುತ್ತದೆ. ಯಾರಾದರೂ ಮಾತ್ರೆ ಜಾಸ್ತಿ ನುಂಗಿದರೆ, ವಿಷ ಕುಡಿದರೆ, ಬೇಗ ಕರೆತಂದರೆ, ನೀರಲ್ಲಿ ಕಲಸಿದ ಈ ಕಪ್ಪು ಪುಡಿಯನ್ನು ಕುಡಿಸುತ್ತಾರೆ. ದೊಡ್ಡವರಿಗೆ 50 ಗ್ರಾಂನಷ್ಟು. ಒಂದು ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು ಅನ್ನುತ್ತಾರೆ. ಎಲ್ಲ ವಿಷಕ್ಕೂ ಅಲ್ಲ, ಕಬ್ಬಿಣದ ಮಾತ್ರೆಗೆ, ಆಲ್ಕೋಹಾಲಿಗೆ ಇದು ಆಗಿ ಬರುವುದಿಲ್ಲ. ಆದರೂ ಜೀವ ಉಳಿಸುವ ಪುಡಿ. ಪೇಸ್ಟ್ ಮಾರುವವರು ಈ ಒಳ್ಳೆಯ ಹೆಸರನ್ನೇ ಎತ್ತಿಕೊಂಡು ಬಂದು ನಮ್ಮ ಬಾಯಿಗೆ ಇಟ್ಟಿದ್ದಾರೆ. "ಹೊಟ್ಟೆಯ ವಿಷವನ್ನೇ ಎಳೆಯುತ್ತೆ, ಹಲ್ಲಿನ ಕಲೆ ಯಾವ ಲೆಕ್ಕ" ಅನ್ನುವ ಧಾಟಿ. ಸ್ವಲ್ಪ ಯೋಚನೆ ಮಾಡಿ. ಅಲ್ಲಿ 50 ಗ್ರಾಂ, ಹೊಟ್ಟೆಯಲ್ಲಿ ಗಂಟೆಗಟ್ಟಲೆ ಇರುತ್ತದೆ. ಇಲ್ಲಿ ಬ್ರಶ್ ಮೇಲೆ ಕಡಲೆಕಾಳಿನಷ್ಟು ಪೇಸ್ಟ್, ಅದರಲ್ಲಿ ಇದ್ದಿಲು ಎಷ್ಟೋ, ಎರಡು ನಿಮಿಷಕ್ಕೆ ಉಗಿದು ಬಿಡುತ್ತೇವೆ. ಅದೂ ಅಲ್ಲದೆ ಆ ಪುಡಿ ತಿಂಗಳುಗಟ್ಟಲೆ ಟ್ಯೂಬಿನಲ್ಲಿ ಗ್ಲಿಸರಿನ್, ಸೋಪಿನಂಶ, ಪುದೀನ ವಾಸನೆ ಎಲ್ಲದರ ಜೊತೆ ನೆನೆದಿರುತ್ತದೆ. ಎಳೆದುಕೊಳ್ಳುವ ತೂತುಗಳಲ್ಲಿ ಮೊದಲೇ ಅವೆಲ್ಲ ಹೋಗಿ ಕೂತಿರುತ್ತವೆ. ಮತ್ತೆ ಕಲೆ ಹೋಗುವುದು ಹೇಗೆ? ಉಜ್ಜಿ. ಅಷ್ಟೇ. ಪಾತ್ರೆ ತಿಕ್ಕುವ ಹಾಗೆ.

ಅಕ್ಕನ ಮಗಳ ಹಲ್ಲು ಬೆಳ್ಳಗಾಯಿತು. ಸುಳ್ಳು ಹೇಳುವುದಿಲ್ಲ. ಅವಳು ದಿನಕ್ಕೆ ನಾಲ್ಕು ಸಲ ಟೀ ಕುಡಿಯುವವಳು, ಹಲ್ಲಿನ ಸಂದಿಯಲ್ಲಿ ಟೀ ಕಲೆ ಇತ್ತು, ಹೋಯಿತು. ನನ್ನದು? ಆರು ವಾರ ಬೆಳಿಗ್ಗೆ ರಾತ್ರಿ ಎರಡು ಹೊತ್ತು ಉಜ್ಜಿದೆ. ಪಟ್ಟೆ ಅಲ್ಲೇ ಇದೆ. ಬ್ರಶ್ ಹಾರ್ಡ್ ತಂದೆ. ಒತ್ತಿ ಉಜ್ಜಿದೆ. ಪಟ್ಟೆ ಅಲ್ಲೇ ಇದೆ. ಏಳನೇ ವಾರ ಒಂದು ಬೆಳಿಗ್ಗೆ ನಲ್ಲಿ ನೀರಲ್ಲಿ ಮುಕ್ಕಳಿಸುವಾಗ ಎಡಗಡೆ ಮೇಲಿನ ಕೋರೆಹಲ್ಲಿನ ಬುಡದಲ್ಲಿ ಚುಳ್ ಅಂತು, ಕಣ್ಣಿಂದ ನೀರೇ ಬಂತು. ಆಮೇಲೆ ಹುಳಿ ಸಾರು ಚುಳ್, ಮಾವಿನಕಾಯಿ ಚುಳ್, ಬೈಕ್ ಹಿಂದೆ ಕೂತು ಬಾಯಿ ತೆರೆದು ಮಾತಾಡಿದರೆ ಗಾಳಿಗೂ ಚುಳ್. ತಮ್ಮನ ಮದುವೆಯಲ್ಲಿ ಎಲ್ಲರೂ ಐಸ್‌ಕ್ರೀಮ್ ತಿನ್ನುತ್ತಿದ್ದರೆ ನಾನು ಕಪ್ ಹಿಡಿದುಕೊಂಡು ಅದು ಕರಗಲಿ ಅಂತ ಕಾಯುತ್ತಿದ್ದೆ. ಫೋಟೋದಲ್ಲಿ ತುಟಿ ಬಿಗಿ ಹಿಡಿದೇ ನಿಂತೆ, ಈ ಸಲ ಕಾರಣ ಎರಡು.

ಮದುವೆ ಮುಗಿದ ವಾರ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆ ಇದ್ದವರು. ಬಾಯಿ ನೋಡಿ ಮೊದಲು ಕೇಳಿದ್ದೇ "ಚಾರ್ಕೋಲ್ ಪೇಸ್ಟ್ ಹಾಕ್ತಿದ್ದೀರಾ?" ಅಂತ. ಹೇಗೆ ಗೊತ್ತಾಯಿತು ಅಂದರೆ ಕೈಗೆ ಕನ್ನಡಿ ಕೊಟ್ಟರು. ಕೆಳಗಿನ ದವಡೆಹಲ್ಲಿಗೆ ನಾಲ್ಕು ವರ್ಷದ ಹಿಂದೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕಿಸಿದ್ದೆ. ಆ ಫಿಲ್ಲಿಂಗ್ ಸುತ್ತ ಪೆನ್ಸಿಲ್‌ನಲ್ಲಿ ಗೀರಿದ ಹಾಗೆ ಕಪ್ಪು ಗೆರೆ. ವಸಡಿನ ಅಂಚಲ್ಲೂ ಅಲ್ಲಲ್ಲಿ ಕಪ್ಪು. ಪುಡಿ ಹೋಗಿ ಸಂದಿಯಲ್ಲಿ ಕೂತಿದೆ. ಬೆಳ್ಳಗಾಗಲಿ ಅಂತ ಹಚ್ಚಿದ್ದು ಹೀಗೆ ಕಪ್ಪು ಗೆರೆ ಬಿಟ್ಟು ಹೋಗಿತ್ತು.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಹಲ್ಲಿನ ಮೇಲಿನ ಹೊದಿಕೆ ಎನಾಮಲ್. ನಮ್ಮ ಮೈಯಲ್ಲೇ ಅತಿ ಗಟ್ಟಿ ವಸ್ತು, ತೂಕದಲ್ಲಿ 96 ಭಾಗ ಖನಿಜವೇ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಹರಿದರೆ ಬೆಳೆಯುತ್ತದೆ, ಎನಾಮಲ್ ಮಾತ್ರ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ಯಾಕೆಂದರೆ ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಮೂಡುವ ಹೊತ್ತಿಗೇ ಸತ್ತುಹೋಗಿರುತ್ತವೆ. ಅದರ ಕೆಳಗೆ ಇರುವುದು ಡೆಂಟಿನ್. ಅದರ ಬಣ್ಣವೇ ಹಳದಿ. ಎನಾಮಲ್ ತೆಳ್ಳಗಾದಷ್ಟೂ ಕೆಳಗಿನ ಹಳದಿ ಎದ್ದು ಕಾಣುತ್ತದೆ. ಅಂದರೆ ಬಿಳಿ ಮಾಡುತ್ತೇನೆ ಅಂತ ಉಜ್ಜಿ ಉಜ್ಜಿ ಕೊನೆಗೆ ಹಳದಿ ಮಾಡಿಕೊಳ್ಳುವ ಕೆಲಸ.

"ಮೂರೇ ತಿಂಗಳಿಗೆ ನನ್ನ ಎನಾಮಲ್ ಹೋಯ್ತಾ ಮೇಡಂ?" ಅಂತ ಕೇಳಿದೆ, ಅಳು ಬರುವುದೊಂದೇ ಬಾಕಿ. ಇಲ್ಲ ಅಂದರು. ಇಲ್ಲಿ ಅವರು ಹೆದರಿಸದೆ ಇದ್ದದ್ದು ನನಗೆ ಇಷ್ಟವಾಯಿತು. ಎನಾಮಲ್ ಅಷ್ಟು ಬೇಗ ಹೋಗುವುದಿಲ್ಲವಂತೆ. ನನಗೆ ತೊಂದರೆ ಆದದ್ದು ಹಲ್ಲಿನ ಬುಡದಲ್ಲಿ. ವರ್ಷಗಟ್ಟಲೆ ಅಡ್ಡಡ್ಡ ಒತ್ತಿ ಉಜ್ಜಿ ವಸಡು ಸ್ವಲ್ಪ ಮೇಲೆ ಸರಿದಿದೆ. ಅಲ್ಲಿ ಬೇರಿನ ಭಾಗ ಹೊರಗೆ ಬಂದಿದೆ. ಬೇರಿಗೆ ಎನಾಮಲ್ಲೇ ಇಲ್ಲ, ಮೇಲಿನ ತೆಳು ಪದರ ಬೇಗ ಸವೆದು ಡೆಂಟಿನ್ ಹೊರಗೆ ಬರುತ್ತದೆ, ಅದು ಎನಾಮಲ್‌ಗಿಂತ ಎಷ್ಟೋ ಮೆತ್ತಗೆ. ಹಾರ್ಡ್ ಬ್ರಶ್, ಒರಟು ಪೇಸ್ಟ್, ನನ್ನ ಆವೇಶ, ಮೂರೂ ಸೇರಿ ಅಲ್ಲಿ ಕೊರೆದಿವೆ. ಡೆಂಟಿನ್ ಒಳಗೆ ಕೂದಲಿಗಿಂತ ಸಣ್ಣ ನಳಿಕೆಗಳಿರುತ್ತವೆ, ಒಳಗೆ ನೀರಿನಂಥ ದ್ರವ. ಹೊರಗಿನ ಬಾಯಿ ತೆರೆದುಕೊಂಡರೆ ತಣ್ಣೀರು ಬಿದ್ದಾಗ ಆ ದ್ರವ ಅಲುಗಾಡುತ್ತದೆ, ಒಳಗಿನ ನರಕ್ಕೆ ತಾಗುತ್ತದೆ. ಚುಳ್ ಅನ್ನುವುದು ಅದು. ನಮ್ಮಜ್ಜಿಯ ಹಲ್ಲಿನ ಕಚ್ಚೂ ಅದೇ ಜಾಗ, ಅದೇ ಕಥೆ.

ಮನೆಗೆ ಬಂದು ರಾತ್ರಿ ಎಲ್ಲ ಓದಿದೆ. ಪೇಸ್ಟಿನ ಒರಟುತನ ಅಳೆಯಲು ಆರ್‌ಡಿಎ ಅಂತ ಒಂದು ಅಳತೆ ಇದೆ, ಡೆಂಟಿನ್ ಎಷ್ಟು ಸವೆಯುತ್ತದೆ ಅನ್ನುವ ಲೆಕ್ಕ. 250 ಮೀರಬಾರದು ಅಂತ ಅಂತರರಾಷ್ಟ್ರೀಯ ಮಾನದಂಡ. ಚಾರ್ಕೋಲ್ ಪೇಸ್ಟ್ ಎಲ್ಲವೂ ಭಯಂಕರ ಒರಟು ಅಂತಲ್ಲ. ಕೆಲವು ಮಾಮೂಲಿ ಪೇಸ್ಟಿನಷ್ಟೇ ನಯ, ಕೆಲವು ಒರಟು. ಇದ್ದಿಲನ್ನು ಎಷ್ಟು ನುಣ್ಣಗೆ ಅರೆದಿದ್ದಾರೆ, ಜೊತೆಗೆ ಇನ್ನೇನು ಸೇರಿಸಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ಆದರೆ ನನ್ನ ಟ್ಯೂಬ್ ಎಷ್ಟು ತಿರುಗಿಸಿ ನೋಡಿದರೂ ಆ ನಂಬರ್ ಇರಲಿಲ್ಲ. ತೆಂಗಿನ ಮರದ ಚಿತ್ರ ಮಾತ್ರ ಇತ್ತು. ಟ್ಯೂಬಿಗಿಂತಲೂ ಬರೀ ಪುಡಿ ಡಬ್ಬಿಯಲ್ಲಿ ಮಾರುತ್ತಾರಲ್ಲ, ಒದ್ದೆ ಬ್ರಶ್ ಅದ್ದಿ ಉಜ್ಜುವುದು, ಅದರ ಬಗ್ಗೆ ನನಗೆ ಇನ್ನೂ ಭಯ.

2017ರಲ್ಲಿ ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆಯಲ್ಲಿ ಒಂದು ವರದಿ ಬಂತು. ಚಾರ್ಕೋಲ್ ಪೇಸ್ಟು ಪುಡಿಗಳ ಬಗ್ಗೆ ಅಲ್ಲಿಯವರೆಗೆ ಬಂದ 118 ಲೇಖನಗಳನ್ನು ಹುಡುಕಿ ಜಾಲಾಡಿದ್ದರು, ಮಾರುಕಟ್ಟೆಯಲ್ಲಿದ್ದ 50 ಪೇಸ್ಟ್ ಪುಡಿಗಳ ಜಾಹೀರಾತನ್ನೂ ನೋಡಿದ್ದರು. ಇದು ಸುರಕ್ಷಿತ ಅನ್ನುವುದಕ್ಕಾಗಲಿ, ಹೇಳಿದಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕಾಗಲಿ ಸಾಕಷ್ಟು ಆಧಾರ ಇಲ್ಲ ಅನ್ನುವುದು ಅವರ ತೀರ್ಮಾನ. ಕೆಡುಕು ಖಂಡಿತ ಅಂತ ಅವರು ಹೇಳಲಿಲ್ಲ, ಅದನ್ನೂ ಗಮನಿಸಿ. ಆ 50ರಲ್ಲಿ ಮೂರನೇ ಒಂದು ಭಾಗದಲ್ಲಿ ಬೆಂಟೋನೈಟ್ ಅನ್ನುವ ಜೇಡಿಮಣ್ಣೂ ಇತ್ತಂತೆ. ಒಂದರಲ್ಲಿ ವೀಳ್ಯದೆಲೆ! 2019ರಲ್ಲಿ ಬ್ರಿಟಿಷ್ ದಂತವೈದ್ಯ ಪತ್ರಿಕೆಯಲ್ಲೂ ಹೆಚ್ಚುಕಡಿಮೆ ಇದೇ ಮಾತು ಬಂತು, ಇಂಥ ಎಷ್ಟೋ ಪೇಸ್ಟಿನಲ್ಲಿ ಹುಳುಕು ತಡೆಯುವ ಫ್ಲೋರೈಡ್ ಇಲ್ಲ ಅನ್ನುವ ಆತಂಕದ ಜೊತೆ.

ಅದೇ 2019ರಲ್ಲಿ ಬ್ರೆಜಿಲ್‌ನಲ್ಲಿ ಒಂದು ಪ್ರಯೋಗ ಮಾಡಿದ್ದರು. ದನದ ಹಲ್ಲಿನ ತುಂಡುಗಳಿಗೆ ಟೀ ಡಿಕಾಕ್ಷನ್ನಿನ ಬಣ್ಣ ಹಿಡಿಸಿ ಬೇರೆ ಬೇರೆ ಬಿಳಿ ಮಾಡುವ ಪೇಸ್ಟ್ ಹಾಕಿ ಯಂತ್ರದಲ್ಲಿ ಉಜ್ಜಿದರು. ಸಣ್ಣ ಪ್ಲಾಸ್ಟಿಕ್ ಮಣಿಗಳಿದ್ದ ಪೇಸ್ಟ್ ಮುಂದೆ, ಪೆರಾಕ್ಸೈಡ್ ಅನ್ನುವ ಬ್ಲೀಚ್ ಇರುವುದು, ನೀಲಿ ಬಣ್ಣ ಇರುವುದು ಅದರ ಹಿಂದೆ. ಚಾರ್ಕೋಲ್? ಮಾಮೂಲಿ ಪೇಸ್ಟಿಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ಈ ನೀಲಿ ಪೇಸ್ಟಿನ ಗುಟ್ಟು ಓದಿ ನನಗೆ ನಗು ಬಂತು. ಬಿಳಿ ಪಂಚೆಗೆ ಕೊನೆಯ ನೀರಿನಲ್ಲಿ ನೀಲಿ ಹಾಕುತ್ತೇವಲ್ಲ, ಹಳದಿ ಮರೆಯಾಗಿ ಬೆಳ್ಳಗೆ ಕಾಣಲಿ ಅಂತ, ಅದೇ ಕೆಲಸ ಹಲ್ಲಿನ ಮೇಲೆ. ಮೋಸವೇ ಇರಬಹುದು, ಆದರೆ ಕೊರೆಯದ ಮೋಸ.

ಸರಿ, ನನ್ನ ಪಟ್ಟೆ ಯಾಕೆ ಹೋಗಲಿಲ್ಲ? ಇದನ್ನು ನಮ್ಮ ಕಡೆಯವರು ಓದಲೇಬೇಕು.

ಟೀ, ಕಾಫಿ, ಎಲೆಅಡಿಕೆ, ಬೀಡಿಯ ಕಲೆ ಹಲ್ಲಿನ ಮೇಲೆ ಕೂತಿರುತ್ತದೆ, ಉಜ್ಜಿದರೆ ಹೋಗುತ್ತದೆ. ನಮ್ಮದು ಮೇಲೆ ಇಲ್ಲ. ಪಾವಗಡದಲ್ಲಿ ಹನ್ನೆರಡೂ ತಿಂಗಳು ಹರಿಯುವ ಹೊಳೆ ಇಲ್ಲ. ಮಳೆ ಕಡಿಮೆ, ಕೆರೆ ಒಣಗುತ್ತದೆ, ಬೋರ್ ಆಳಕ್ಕೆ ಹೋಗುತ್ತದೆ. ಆಳದ ಬಂಡೆಯ ಖನಿಜದಲ್ಲಿ ಫ್ಲೋರೈಡ್ ಇದೆ, ನೀರು ಅದರ ಜೊತೆ ಕೂತು ಕೂತು ಕರಗಿಸಿಕೊಂಡು ಬರುತ್ತದೆ. ಕುಡಿಯುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಪರವಾಗಿಲ್ಲ ಅನ್ನುವುದು ನಮ್ಮ ದೇಶದ ಮಾನದಂಡ. ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆ, ಅತ್ತ ಗದಗಿನ ಮುಂಡರಗಿ, ಕೊಪ್ಪಳ, ರಾಯಚೂರು, ಇಲ್ಲೆಲ್ಲ ಎಷ್ಟೋ ಬೋರ್‌ಗಳು ಇದನ್ನು ದಾಟಿವೆ. ಮಗುವಿಗೆ ಎಂಟು ವರ್ಷ ತುಂಬುವ ತನಕ ವಸಡಿನ ಒಳಗೆ ಶಾಶ್ವತ ಹಲ್ಲು ಕಟ್ಟುತ್ತಾ ಇರುತ್ತದೆ. ಆ ವರ್ಷಗಳಲ್ಲಿ ಫ್ಲೋರೈಡ್ ಜಾಸ್ತಿ ಹೊಟ್ಟೆಗೆ ಹೋದರೆ ಎನಾಮಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ, ಸೀಮೆಸುಣ್ಣದ ಥರ ಒಳಗೆ ಸಡಿಲ ಉಳಿಯುತ್ತದೆ. ಹಲ್ಲು ಹೊರಗೆ ಬಂದ ಮೇಲೆ ಆ ಸಡಿಲ ಜಾಗ ಬಣ್ಣ ಹೀರಿ ಕಂದಾಗುತ್ತದೆ. ಅಂದರೆ ಗೋಡೆಯ ಮೇಲಿನ ಕೊಳೆ ಅಲ್ಲ, ಗೋಡೆ ಕಟ್ಟುವಾಗಲೇ ಆದ ತಪ್ಪು. ಅದನ್ನು ಹೋಗಿಸಲು ನಾನು ಮೂರು ತಿಂಗಳು ಗೋಡೆ ಕೆರೆಯುತ್ತಿದ್ದೆ. ಅದೂ ಮೊದಲೇ ಸಡಿಲ ಇರುವ ಗೋಡೆ.

ಅಕ್ಕನ ಮಗಳ ಹಲ್ಲಿಗೆ ಇದು ಯಾಕಿಲ್ಲ ಅಂದರೆ ಅವಳು ಬೆಳೆಯುವ ಹೊತ್ತಿಗೆ ಊರಿಗೆ ಶುದ್ಧ ನೀರಿನ ಘಟಕ ಬಂದಿತ್ತು. ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಒಂದೇ ಮನೆ, ಒಂದೇ ಅಡುಗೆ, 15 ವರ್ಷದ ಅಂತರ, ಇಬ್ಬರ ಹಲ್ಲೂ ಬೇರೆ. ಅದಕ್ಕೇ ಅವಳಿಗೆ ಕೆಲಸ ಮಾಡಿದ್ದು ನನಗೆ ಮಾಡಲಿಲ್ಲ.

ಒಂದು ಹಳೆ ಕಥೆ ಹೇಳಿ ಮುಂದೆ ಹೋಗುತ್ತೇನೆ. 1901ರಲ್ಲಿ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಅನ್ನುವ ಊರಿಗೆ ಫ್ರೆಡರಿಕ್ ಮೆಕೆ ಅನ್ನುವ ಹೊಸ ದಂತವೈದ್ಯ ಹೋದ. ಅಲ್ಲಿಯ ಮಕ್ಕಳ ಹಲ್ಲೆಲ್ಲ ಕಂದು. ಥೇಟ್ ನಮ್ಮ ಹಲ್ಲು. ಕಾರಣ ಹುಡುಕುತ್ತಾ 30 ವರ್ಷ ಕಳೆದ. ಕೊನೆಗೆ 1931ರಲ್ಲಿ ಅಲ್ಯೂಮಿನಿಯಂ ಕಂಪನಿಯೊಂದರ ಕೆಮಿಸ್ಟ್ ಚರ್ಚಿಲ್ ಅನ್ನುವವನು ನೀರು ಪರೀಕ್ಷೆ ಮಾಡಿ ಫ್ಲೋರೈಡ್ ಅಂತ ಕಂಡುಹಿಡಿದ. ಇದರ ನಡುವೆ ಮೆಕೆ ಇನ್ನೊಂದು ಗಮನಿಸಿದ್ದ, ಈ ಕಂದು ಹಲ್ಲು ಹುಳುಕಾಗುವುದು ಕಡಿಮೆ. ಪೇಸ್ಟಿಗೆ ಫ್ಲೋರೈಡ್ ಸೇರಿಸುವ ಯೋಚನೆಯ ಬೇರು ಅಲ್ಲಿದೆ. ನಮ್ಮಂಥವರ ಕೆಟ್ಟ ಹಲ್ಲಿನಿಂದ ಜಗತ್ತಿಗೆ ಒಳ್ಳೆಯದಾಯಿತು ಅಂತ ಬೇಕಾದರೆ ಸಮಾಧಾನ ಮಾಡಿಕೊಳ್ಳಬಹುದು.

ಈ ಕಥೆ ಯಾಕೆ ಬೇಕಿತ್ತು ಅಂದರೆ, ನಾನು ಆ ಕಪ್ಪು ಟ್ಯೂಬ್ ಕೊಂಡದ್ದಕ್ಕೆ ಇನ್ನೊಂದು ಕಾರಣ ಇತ್ತು. ಡಬ್ಬಿಯ ಮೇಲೆ ದೊಡ್ಡದಾಗಿ "ಫ್ಲೋರೈಡ್ ಇಲ್ಲ" ಅಂತ ಬರೆದಿತ್ತು. ಫ್ಲೋರೈಡಿನಿಂದಲೇ ಹಲ್ಲು ಕೆಡಿಸಿಕೊಂಡ ನನಗೆ ಅದು ವರ ಅನ್ನಿಸಿತು. ಡಾಕ್ಟರ್ ತಲೆ ಅಲ್ಲಾಡಿಸಿದರು. ನಿಮ್ಮ ಹಲ್ಲು ಕಟ್ಟಿ ಮುಗಿದು 25 ವರ್ಷ ಆಯಿತು, ಈಗ ಪೇಸ್ಟಿನ ಫ್ಲೋರೈಡ್ ಹೊಸ ಪಟ್ಟೆ ತರುವುದಿಲ್ಲ, ಅದು ಹಲ್ಲಿನ ಮೇಲ್ಮೈಗೆ ಹಚ್ಚುವ ಔಷಧ ಇದ್ದ ಹಾಗೆ, ಹುಳುಕು ತಡೆಯುತ್ತದೆ, ಬುಡದ ಚುಳುಕಿಗೂ ಒಳ್ಳೆಯದು ಅಂದರು. ಪೇಸ್ಟಿನಲ್ಲಿ 1000 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 1000 ಭಾಗ, ಇರುತ್ತಲ್ಲ, ನೀರಲ್ಲಿ 3 ಇದ್ದರೇ ಕಷ್ಟ ಅಂತೀರಿ ಅಂತ ವಾದ ಮಾಡಿದೆ. ಅವರು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರು. ಬಟಾಣಿ ಕಾಳಿನಷ್ಟು ಪೇಸ್ಟ್ ಅಂದರೆ ಕಾಲು ಗ್ರಾಂ, ಅದರಲ್ಲಿ ಫ್ಲೋರೈಡ್ ಕಾಲು ಮಿಲಿಗ್ರಾಂ, ಅದನ್ನೂ ಉಗಿಯುತ್ತೀರಿ. ಲೀಟರಿಗೆ 3 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ 3 ಲೀಟರ್ ಕುಡಿದರೆ 9 ಮಿಲಿಗ್ರಾಂ, ಪೂರ್ತಿ ಹೊಟ್ಟೆಗೆ. ನನ್ನ ಬಾಯಿ ಮುಚ್ಚಿತು. ಮಕ್ಕಳ ವಿಷಯ ಮಾತ್ರ ಬೇರೆ, ಉಗಿಯಲು ಬಾರದ ಮಕ್ಕಳು ನುಂಗುತ್ತಾರೆ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರ ತನಕ ಬಟಾಣಿಯಷ್ಟು, ದೊಡ್ಡವರು ಪಕ್ಕದಲ್ಲಿ ನಿಂತು ಉಗಿಸಬೇಕು. ನೀರಲ್ಲಿ ಫ್ಲೋರೈಡ್ ಇರುವ ಊರಾದರೆ ಡಾಕ್ಟರನ್ನು ಕೇಳಿಯೇ ಪೇಸ್ಟ್ ಆರಿಸಿ.

ಅಂದಹಾಗೆ ಫ್ಲೋರೈಡ್ ಇದ್ದರೆ ಎಷ್ಟು ಪಿಪಿಎಂ ಅಂತ ಟ್ಯೂಬ್ ಮೇಲೆ ಬರೆಯಲೇಬೇಕು, ಮತ್ತು 1000 ಮೀರಬಾರದು ಅನ್ನುವುದು ನಮ್ಮಲ್ಲಿ ಕಾನೂನು. ಚಾರ್ಕೋಲ್ ಪೇಸ್ಟ್ ಬಿಡಲು ಮನಸ್ಸೇ ಇಲ್ಲ ಅನ್ನುವವರು ಕನಿಷ್ಠ ಆ ನಂಬರ್ ಇರುವುದನ್ನು ತೆಗೆದುಕೊಳ್ಳಿ. ಇನ್ನು ಬೆಳಗಾವಿ ಕಡೆ ನನ್ನ ಗೆಳತಿಯ ಅತ್ತೆ ಕಪ್ಪು ಪುಡಿ ಅಂತ ಉಜ್ಜುವುದು ಇದ್ದಿಲಲ್ಲ, ಮಿಶ್ರಿ, ಹುರಿದ ತಂಬಾಕಿನ ಪುಡಿ. ಅದು ಚಟ. ಹಲ್ಲಿನ ಪುಡಿ ಪೇಸ್ಟುಗಳಲ್ಲಿ ತಂಬಾಕು ಹಾಕಬಾರದು ಅಂತ 1992ರಲ್ಲೇ ನಿಷೇಧ ಆಗಿದೆ. ಬಣ್ಣ ಒಂದೇ ಅಂತ ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ, ಅದು ಬಾಯಿ ಕ್ಯಾನ್ಸರಿನ ದಾರಿ.

ನನಗೆ ಈಗ ಡಾಕ್ಟರ್ ಹೇಳಿರುವುದು ಇಷ್ಟು. ಸಾಫ್ಟ್ ಬ್ರಶ್, ಪೆನ್ ಹಿಡಿದ ಹಾಗೆ ಹಿಡಿಯಬೇಕು, ಮುಷ್ಟಿ ಕಟ್ಟಬಾರದು. ಹುಳಿ ತಿಂದ ಕೂಡಲೇ ಉಜ್ಜಬಾರದು, ಅರ್ಧ ಗಂಟೆ ಬಿಡಬೇಕು. ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್, ಎರಡು ಮೂರು ವಾರ ಬಿಡದೆ ಹಾಕಿದರೆ ಚುಳುಕು ತಗ್ಗುತ್ತದೆ. ತಗ್ಗಿದೆ ಕೂಡ, ಪೂರ್ತಿ ಅಲ್ಲ. ಫಿಲ್ಲಿಂಗ್ ಅಂಚಿನ ಕಪ್ಪನ್ನು ಪಾಲಿಶ್ ಮಾಡಿ ತೆಗೆದರು. ಪಟ್ಟೆಗೆ ದಾರಿ ಇದೆಯಂತೆ. ಪೆರಾಕ್ಸೈಡ್ ಹಾಕಿ ಬ್ಲೀಚ್ ಮಾಡಬಹುದು, ಅದು ಉಜ್ಜುವುದಿಲ್ಲ, ಒಳಗೆ ಇಳಿದು ಬಣ್ಣವನ್ನೇ ಒಡೆಯುತ್ತದೆ. ಇಲ್ಲವೇ ಆಸಿಡ್ ಮತ್ತು ನಯವಾದ ಪುಡಿ ಸೇರಿಸಿ ಮೇಲಿನ ತೀರಾ ತೆಳು ಪದರ ತೆಗೆಯುವುದು. ಅದೂ ಕೆರೆಯುವುದೇ ಅಲ್ವಾ ಅಂದೆ. ಹೌದು, ಆದರೆ ಎಷ್ಟು ಅಂತ ನೋಡಿಕೊಂಡು ಒಂದೆರಡು ಸಲ ಮಾಡಿ ನಿಲ್ಲಿಸುತ್ತೇವೆ, ನೀವು ಮಾಡಿದ್ದು ದಿನಕ್ಕೆರಡು ಸಲ ಮೂರು ತಿಂಗಳು ಅಂದರು. ಯಾವುದಾದರೂ ಸರಿ, ಬುಡದ ನೋವು ಪೂರ್ತಿ ಹೋಗದೆ ಮುಟ್ಟುವುದಿಲ್ಲವಂತೆ. ಕಾಯುತ್ತಿದ್ದೇನೆ.

ಅಕ್ಕನ ಮಗಳಿಗೆ ಎಲ್ಲ ಹೇಳಿದೆ. ಅವಳು ಪೂರ್ತಿ ಒಪ್ಪಲಿಲ್ಲ. "ನಂಗೆ ಏನೂ ಆಗಿಲ್ವಲ್ಲ ಚಿಕ್ಕಮ್ಮ" ಅಂದಳು. ಅದೂ ನಿಜವೇ. ಈಗ ವಾರಕ್ಕೊಮ್ಮೆ ಮಾತ್ರ, ಸಾಫ್ಟ್ ಬ್ರಶ್‌ನಲ್ಲಿ, ಅಂತ ರಾಜಿ ಆಗಿದೆ. ಟೀ ನಾಲ್ಕರಿಂದ ಎರಡಕ್ಕೆ ಇಳಿಸು, ಪೇಸ್ಟೇ ಬೇಡ ಅಂದದ್ದಕ್ಕೆ ಮಾತ್ರ ಉತ್ತರ ಬಂದಿಲ್ಲ.

ನನ್ನ ಟ್ಯೂಬ್ ಅರ್ಧ ಉಳಿದಿತ್ತು. ಹಬ್ಬಕ್ಕೆ ಊರಿಗೆ ಹೋದಾಗ ಬ್ಯಾಗಲ್ಲಿ ಹಾಗೇ ಹೋಗಿತ್ತು. ನಮ್ಮಮ್ಮ ಮೊದಲಿಂದಲೂ ಬೆಳ್ಳಿ ದೀಪ ತೊಳೆಯುವುದು ಹಲ್ಲುಪುಡಿಯಲ್ಲೇ. ಇದನ್ನು ನೋಡಿ ಒಂದು ಚೂರು ಬಟ್ಟೆಗೆ ಹಾಕಿ ದೀಪಕ್ಕೆ ತಿಕ್ಕಿದರು. ಕೈಯೆಲ್ಲ ಕಪ್ಪು, ದೀಪ ಮಾತ್ರ ಫಳಫಳ. ಕುಂಕುಮದ ಬಟ್ಟಲು, ಪಂಚಪಾತ್ರೆ, ಎಲ್ಲ ಒಂದೇ ದಿನ ಮುಗಿಸಿದರು. ಮೊನ್ನೆ ಫೋನ್ ಮಾಡಿದ್ದರು. "ಆ ಕರಿ ಪೇಸ್ಟು ಮುಗೀತು ಕಣೇ, ಬರ್ತಾ ಇನ್ನೊಂದು ತಗೊಂಡು ಬಾ."